ಕೊಪ್ಪಳ ಸೀಮೆಗೆ ಅಂಗದಾನ ಬಂದ ದಾರಿ

ಗಂಗಾವತಿ ಕಡೆ ಭತ್ತದ ಕಟಾವು ಶುರುವಾಯಿತೆಂದರೆ ಕಣ್ಣಿನ ದವಾಖಾನೆಗಳಿಗೆ ಒಂದು ಬಗೆಯ ರೋಗಿಗಳು ಬರುತ್ತಾರೆ. ಒಂದು ಕಣ್ಣಿಗೆ ಟವೆಲ್ಲು ಒತ್ತಿ ಹಿಡಿದಿರುತ್ತಾರೆ, ಇನ್ನೊಂದರಿಂದಲೂ ನೀರು ಸೋರುತ್ತಿರುತ್ತದೆ. ರಾಶಿ ಮಾಡುವಾಗಲೋ ಹುಲ್ಲು ಒಟ್ಟುವಾಗಲೋ ಹಾರಿದ ಹೊಟ್ಟು, ಭತ್ತದ ಮುಳ್ಳು ಕಣ್ಣಿಗೆ ಬಡಿದಿರುತ್ತದೆ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳಲ್ಲಿ ಇದೇ ಕೆಲಸವನ್ನು ಜೋಳದ ರವದಿ, ಸಜ್ಜೆಯ ತೆನೆ ಮಾಡುತ್ತವೆ. ಮೊದಲ ದಿನ ಬರೀ ಚುಚ್ಚಿದ ಹಾಗೆ ಇರುತ್ತದೆ. ಯಾರೋ ಹರಳೆಣ್ಣೆ ಬಿಡು ಅನ್ನುತ್ತಾರೆ, ಯಾರೋ ಹಾಲೂಡಿಸುವ ತಾಯಿಯ ಹಾಲು ಹಾಕಿಸು ಅನ್ನುತ್ತಾರೆ, ಇನ್ನೊಬ್ಬರು ಯಾವುದೋ ಸೊಪ್ಪಿನ ರಸ ಹಿಂಡುತ್ತಾರೆ. ಸುಗ್ಗಿಯ ಕೂಲಿ ಬಿಟ್ಟು ಪೇಟೆಗೆ ಹೋಗಲು ಮನಸ್ಸು ಬರುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಗೀರಿನೊಳಗೆ ಶಿಲೀಂಧ್ರ ಬೆಳೆದು ಹುಣ್ಣಾಗಿರುತ್ತದೆ. ಹುಣ್ಣು ಮಾಯುತ್ತದೆ, ಆದರೆ ಕಪ್ಪುಗುಡ್ಡೆಯ ಮೇಲೆ ಬೆಳ್ಳಗೆ ಕಲೆ ಉಳಿಯುತ್ತದೆ. 'ಕಣ್ಣಾಗ ಹೂ ಬಿದ್ದೈತಿ' ಎಂದು ಊರವರು ಹೇಳುವುದು ಇದಕ್ಕೇ.

ಆ ಕಣ್ಣಿಗೆ ಬೆಳಕು ಮರಳಿ ಬರಬೇಕಾದರೆ ಯಾವ ಔಷಧದಂಗಡಿಯಲ್ಲೂ ಮದ್ದಿಲ್ಲ. ಎಲ್ಲೋ ಒಬ್ಬರು ತೀರಿಕೊಂಡಿರಬೇಕು, ಆ ಮನೆಯವರು ಅಳುವಿನ ನಡುವೆಯೇ 'ಆಯ್ತು' ಅಂದಿರಬೇಕು. ಆ ಒಂದು ಮಾತು ನಮ್ಮ ಜನರ ಬಾಯಲ್ಲಿ ಬರಲು ಸುಮಾರು ಅರ್ಧ ಶತಮಾನ ಹಿಡಿಯಿತು. ಸರ್ಕಾರದ ಆದೇಶದಿಂದ ಅದು ಬರಲಿಲ್ಲ. ಒಬ್ಬ ವೈದ್ಯ, ಒಬ್ಬ ನಟ, ಒಬ್ಬ ಮಗ, ಒಂದು ಮಠ ಹೀಗೆ ಜನ ನಂಬಿದವರ ಮೂಲಕ ಬಂತು. ಆದರೆ ಮಾತು ಬಂದಷ್ಟು ಬೇಗ ವ್ಯವಸ್ಥೆ ಬರಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕುಗಳು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು. 1956ರಲ್ಲಿ ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಸೇರಿದವು, 1997ರಲ್ಲಿ ಆ ಜಿಲ್ಲೆಯಿಂದ ಬೇರ್ಪಟ್ಟು ಸ್ವಂತ ಜಿಲ್ಲೆಯಾದವು. ದೊಡ್ಡಾಸ್ಪತ್ರೆ ಎಂದರೆ ಒಂದು ದಿಕ್ಕಿಗೆ 1957ರಲ್ಲಿ ವೈದ್ಯಕೀಯ ಕಾಲೇಜು ಕಂಡ ಹುಬ್ಬಳ್ಳಿ, ಇನ್ನೊಂದು ದಿಕ್ಕಿಗೆ 1961ರಲ್ಲಿ ಕಾಲೇಜು ಕಂಡ ಬಳ್ಳಾರಿ. ಎರಡರ ನಡುವೆ ಇದ್ದ ನಮ್ಮ ಊರುಗಳಿಗೆ ಕಣ್ಣಿನ ವೈದ್ಯರೇ ಅಪರೂಪ. ವಯಸ್ಸಾದ ಮೇಲೆ ಕಣ್ಣು ಮಂಜಾಗುವುದು ಹಣೆಬರಹ ಎಂದು ಮೂಲೆ ಹಿಡಿದು ಕೂತ ಹಿರಿಯರು ಮನೆಮನೆಯಲ್ಲೂ ಇದ್ದರು.

ಆ ಹಣೆಬರಹವನ್ನು ಒರೆಸಲು ಹೊರಟವರು ನಮ್ಮ ಪಕ್ಕದ ಸೀಮೆಯವರೇ. ಡಾ. ಎಂ.ಸಿ. ಮೋದಿ, ಮುರಿಗೆಪ್ಪ ಚನ್ನವೀರಪ್ಪ ಮೋದಿ, 1916ರಲ್ಲಿ ಹುಟ್ಟಿದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ. ರೋಗಿ ಆಸ್ಪತ್ರೆಗೆ ಬರಲಾರನಾದರೆ ಆಸ್ಪತ್ರೆಯೇ ಅವನ ಊರಿಗೆ ಹೋಗಲಿ ಎಂದು ಅವರು ಶಿಬಿರಗಳನ್ನು ಹೂಡಿದರು. ಶಾಲೆ, ಛತ್ರಗಳೇ ಶಸ್ತ್ರಚಿಕಿತ್ಸೆಯ ಕೋಣೆಗಳಾದವು. ಸಾಲಾಗಿ ಹಾಕಿದ ಮೇಜುಗಳ ಮೇಲೆ ರೋಗಿಗಳು ಮಲಗಿರುತ್ತಿದ್ದರು, ಮೋದಿಯವರು ಒಂದರಿಂದ ಇನ್ನೊಂದಕ್ಕೆ ಸರಿಯುತ್ತ ಪೊರೆ ತೆಗೆಯುತ್ತಿದ್ದರು. 1968ರಲ್ಲಿ ತಿರುಪತಿಯ ಶಿಬಿರದಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದರು. 1993ರ ಹೊತ್ತಿಗೆ ಅವರ ಕೈಯಲ್ಲಿ ನಡೆದ ಶಸ್ತ್ರಚಿಕಿತ್ಸೆಗಳು ಆರು ಲಕ್ಷವನ್ನು ದಾಟಿದ್ದವು. ಬಡವರ ಕಣ್ಣಿಗೂ ಬೆಲೆ ಇದೆ ಎಂಬ ನಂಬಿಕೆಯನ್ನು ಉತ್ತರ ಕರ್ನಾಟಕದಲ್ಲಿ ಬಿತ್ತಿದವರು ಅವರೇ ಎಂದರೆ ಅತಿಶಯವಲ್ಲ. ಮುಂದೆ ಕಣ್ಣು ಕೊಡಿ ಎಂದು ಕೇಳಲು ಬಂದವರಿಗೆ ನೆಲ ಹದವಾಗಿದ್ದು ಆ ಶಿಬಿರಗಳಿಂದ.

ಆದರೆ ಶಿಬಿರಕ್ಕೂ ಒಂದು ಮಿತಿ ಇತ್ತು. ಪೊರೆ ಬರುವುದು ಕಣ್ಣಿನೊಳಗಿನ ಮಸೂರಕ್ಕೆ. ಅದನ್ನು ತೆಗೆದು ದಪ್ಪ ಗಾಜಿನ ಕನ್ನಡಕ ಕೊಟ್ಟರೆ ಅಜ್ಜಿ ಮತ್ತೆ ಅಕ್ಕಿ ಆರಿಸುತ್ತಾಳೆ. ಹೂ ಬೀಳುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ. ಗಡಿಯಾರದ ಗಾಜು ಒಡೆದರೆ ಒಳಗಿನ ಯಂತ್ರ ಎಷ್ಟು ಚೆನ್ನಾಗಿದ್ದರೂ ಗಂಟೆ ಕಾಣದಲ್ಲ, ಹಾಗೆ. ಸಿಡುಬು ಬಂದು ಹೋದವರು, ಎಳವೆಯಲ್ಲಿ ಎ ಜೀವಸತ್ವ ಸಿಗದೆ ಕಣ್ಣು ಒಣಗಿದ ಮಕ್ಕಳು, ಹೊಲದಲ್ಲಿ ಗಾಯ ಮಾಡಿಕೊಂಡವರು, ಸುಣ್ಣ ಸಿಡಿಸಿಕೊಂಡವರು ಇಂಥ ಶಿಬಿರಗಳಿಂದ ಬರಿಗೈಲಿ ಮರಳಬೇಕಿತ್ತು. ಕಾರ್ನಿಯಾವನ್ನು ಕಾರ್ಖಾನೆಯಲ್ಲಿ ಮಾಡಲು ಬರುವುದಿಲ್ಲ. ಇನ್ನೊಬ್ಬ ಮನುಷ್ಯನ ಕಣ್ಣಿನಿಂದಲೇ ಬರಬೇಕು.

ಇದು ಆಗುವ ಕೆಲಸ ಎಂದು ಜಗತ್ತಿಗೆ ಗೊತ್ತಾಗಿ ಆಗಲೇ ಬಹುಕಾಲವಾಗಿತ್ತು. 1905ರ ಡಿಸೆಂಬರ್ 7ರಂದು ಇಂದಿನ ಚೆಕ್ ದೇಶದ ಓಲೊಮೋಟ್ಸ್ ಎಂಬ ಊರಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯ, ಸುಣ್ಣದಿಂದ ಕಣ್ಣು ಸುಟ್ಟುಕೊಂಡ ಕೂಲಿಯೊಬ್ಬನಿಗೆ ಬೇರೆಯವರ ಕಾರ್ನಿಯಾ ಕೂಡಿಸಿ ದೃಷ್ಟಿ ತಂದುಕೊಟ್ಟಿದ್ದ. ಆ ಕಾರ್ನಿಯಾ ಬದುಕಿದ್ದ ಹುಡುಗನೊಬ್ಬನ ಗಾಯಗೊಂಡು ತೆಗೆಯಲೇಬೇಕಾಗಿದ್ದ ಕಣ್ಣಿನದು. ಸತ್ತವರ ಕಣ್ಣೂ ಆಗುತ್ತದೆ ಎಂದು 1930ರ ದಶಕದಲ್ಲಿ ಒಡೆಸ್ಸಾದ ವ್ಲಾದಿಮೀರ್ ಫಿಲಾತೊವ್ ತೋರಿಸಿದ ಮೇಲೆ ದಾರಿ ಅಗಲವಾಯಿತು. ಭಾರತದ ಮೊದಲ ನೇತ್ರ ಬ್ಯಾಂಕ್ 1945ರಲ್ಲಿ ಮದ್ರಾಸಿನಲ್ಲಿ ಶುರುವಾಯಿತು. ನಮ್ಮ ಹಳ್ಳಿಗಳ ಕಿವಿಗೆ ಮಾತ್ರ ಆ ಸುದ್ದಿ ಬೀಳಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಕಿವಿಗೆ ಹಾಕಿದವರು ಜನ ಅಣ್ಣಾವ್ರು ಎಂದು ಕರೆಯುವ ನಟ ಡಾ. ರಾಜ್‌ಕುಮಾರ್. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಕೆ. ಭುಜಂಗ ಶೆಟ್ಟಿಯವರು ನೇತ್ರ ಬ್ಯಾಂಕ್ ತೆರೆದು ಅದಕ್ಕೆ ರಾಜ್‌ಕುಮಾರ್ ಹೆಸರಿಟ್ಟರು. ಉದ್ಘಾಟನೆಗೆ ಬಂದ ಅಣ್ಣಾವ್ರು ತಮ್ಮ ಕಣ್ಣುಗಳನ್ನಷ್ಟೇ ಅಲ್ಲ, ತಮ್ಮ ಇಡೀ ಕುಟುಂಬದ ಕಣ್ಣುಗಳನ್ನು ಕೊಡುವುದಾಗಿ ಮಾತು ಕೊಟ್ಟರು. ತೆರೆಯ ಮೇಲೆ ಮಾತು ತಪ್ಪದ ಪಾತ್ರಗಳನ್ನೇ ಮಾಡಿದ ಮನುಷ್ಯ ಕೊಟ್ಟ ಮಾತು ಅದು. ಊರೂರಿನ ಅಭಿಮಾನಿ ಸಂಘಗಳಿಗೆ ಅದು ಶಾಸನವಾಯಿತು.

ಆ ವರ್ಷ ಬೇರೆ ಎರಡು ಕಾರಣಕ್ಕೂ ನೆನಪಿಡುವಂಥದ್ದು. 1994ರ ಜುಲೈ 8ರಂದು ಮಾನವ ಅಂಗಾಂಗಗಳ ಕಸಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಗಸ್ಟ್ 3ರಂದು ದಿಲ್ಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ನೇತೃತ್ವದ ತಂಡ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿತು. ಆಗಸ್ಟ್ 3ನ್ನು ಈಗ ಭಾರತೀಯ ಅಂಗದಾನ ದಿನವೆಂದು ಆಚರಿಸುವುದು ಅದರ ನೆನಪಿಗೇ.

ಕಾಯ್ದೆ ಬರಲು ಒಂದು ಕಹಿ ಕಾರಣವಿತ್ತು. ಎಂಬತ್ತರ ದಶಕದ ಹೊತ್ತಿಗೆ ಕಿಡ್ನಿ ಕಸಿ ನಮ್ಮ ದೊಡ್ಡ ನಗರಗಳಲ್ಲಿ ರೂಢಿಯಾಗಿತ್ತು, ಜತೆಗೇ ಕಿಡ್ನಿಯ ವ್ಯಾಪಾರವೂ. ಸಾಲದಲ್ಲಿ ಮುಳುಗಿದವರು, ಕೆಲಸ ಕಳೆದುಕೊಂಡವರು ದಲ್ಲಾಳಿಗಳ ಕೈಗೆ ಸಿಕ್ಕಿ ಕಿಡ್ನಿ ಮಾರಿದರು. ಬೆಂಗಳೂರಿನ ಹೆಸರೂ ಆ ವ್ಯಾಪಾರದಲ್ಲಿ ಕೇಳಿಬಂತು. ಕಾಯ್ದೆ ಮಾರಾಟವನ್ನು ಅಪರಾಧವೆಂದು ಸಾರಿತು. ಅದಕ್ಕಿಂತ ದೊಡ್ಡ ಕೆಲಸವೆಂದರೆ, ಮಿದುಳು ಸತ್ತರೆ ಮನುಷ್ಯ ಸತ್ತಂತೆ ಎಂದು ಕಾನೂನಿನ ಭಾಷೆಯಲ್ಲಿ ಒಪ್ಪಿಕೊಂಡು, ಸತ್ತವರಿಂದ ಅಂಗ ಪಡೆಯುವ ದಾರಿ ತೆರೆಯಿತು. ವ್ಯಾಪಾರ ನಿಲ್ಲಬೇಕಾದರೆ ದಾನ ಹೆಚ್ಚಬೇಕು ಎಂಬ ಲೆಕ್ಕ ಅದು. ಆದರೆ ಆ ವರ್ಷಗಳ ಸುದ್ದಿ ಜನರ ಮನಸ್ಸಿನಲ್ಲಿ ಬಿಟ್ಟುಹೋದ ಶಂಕೆ ಕಾಯ್ದೆಯಿಂದ ಅಳಿಸಿಹೋಗಲಿಲ್ಲ. 'ಐಸಿಯುದಾಗ ಬದುಕಿಸೂದು ಬಿಟ್ಟು ಕಿಡ್ನಿ ತಗೀತಾರ' ಎಂಬ ಮಾತು ಇವತ್ತಿಗೂ ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಕೇಳುತ್ತದೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಬಡವನ ದೇಹ ಮಾರಾಟವಾದದ್ದು ನಿಜವಿತ್ತು. ಆ ನಿಜದಿಂದ ಹುಟ್ಟಿದ ಭಯಕ್ಕೆ ನಿಜದಿಂದಲೇ ಉತ್ತರ ಹೇಳಬೇಕು.

ಆ ಉತ್ತರ ಹೀಗಿದೆ. ಮಿದುಳು ಸತ್ತಿದೆ ಎಂದು ಒಬ್ಬ ವೈದ್ಯ ಹೇಳಿದರೆ ಸಾಲದು, ನಾಲ್ವರು ವೈದ್ಯರು ಸೇರಿ ಹೇಳಬೇಕು. ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ. ಕಣ್ಣಿನ ಪಾಪೆಗೆ ಬೆಳಕು ಬಿಟ್ಟು, ಗಂಟಲಿಗೆ ನಳಿಗೆ ತಾಕಿಸಿ, ಕಡೆಗೆ ಯಂತ್ರದ ಉಸಿರು ತಪ್ಪಿಸಿ ತಾನಾಗಿ ಒಂದು ಉಸಿರಾದರೂ ಎಳೆದುಕೊಳ್ಳುತ್ತಾರೆಯೇ ಎಂದು ನೋಡುತ್ತಾರೆ. ಆರು ಗಂಟೆ ಕಳೆದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಮಾಡಬೇಕು. ಎರಡು ಸಲವೂ ಒಂದೇ ಉತ್ತರ ಬಂದರೆ ಮಾತ್ರ ಸಾವೆಂದು ಬರೆಯುತ್ತಾರೆ. ಅಪಘಾತದ ಪ್ರಕರಣವಾದರೆ ಪೊಲೀಸರ ಒಪ್ಪಿಗೆಯೂ ಬೇಕು. ಅಂಗ ಯಾರಿಗೆ ಹೋಗಬೇಕೆಂಬುದನ್ನು ಆಸ್ಪತ್ರೆ ತನ್ನಿಷ್ಟದಂತೆ ತೀರ್ಮಾನಿಸುವುದಿಲ್ಲ. ರಾಜ್ಯದಲ್ಲಿ 'ಜೀವಸಾರ್ಥಕತೆ' ಸಂಸ್ಥೆ ಕಾಯುವವರ ಪಟ್ಟಿ ಇಟ್ಟುಕೊಂಡು, ರಕ್ತದ ಗುಂಪು, ಸರದಿ, ತುರ್ತು ನೋಡಿ ಹಂಚುತ್ತದೆ. ದಾನಿಯ ಮನೆಯವರು ಒಂದು ಪೈಸೆ ಕೊಡಬೇಕಾಗಿಲ್ಲ, ಪಡೆಯುವಂತೆಯೂ ಇಲ್ಲ.

ಇಷ್ಟೆಲ್ಲ ಇದ್ದರೂ ಐಸಿಯು ಬಾಗಿಲಲ್ಲಿ ನಿಂತ ಅಪ್ಪನಿಗೆ ಇದನ್ನು ಹೇಳುವುದು ಕಠಿಣ. ಮಗನ ಎದೆ ಏರಿಳಿಯುತ್ತಿದೆ, ಕೈ ಮುಟ್ಟಿದರೆ ಬೆಚ್ಚಗಿದೆ. 'ಉಸಿರಾಡಾಕ ಹತ್ಯಾನಲ್ರೀ ಸಾಹೇಬ್ರ' ಅನ್ನುತ್ತಾನೆ. ಆ ಉಸಿರು ಯಂತ್ರದ್ದು, ಯಂತ್ರ ಇಟ್ಟರೂ ಹೃದಯ ಕೆಲವೇ ಗಂಟೆ ಇಲ್ಲವೇ ದಿನಗಳಲ್ಲಿ ನಿಂತೇಹೋಗುತ್ತದೆ ಎಂದು ಅವನ ಭಾಷೆಯಲ್ಲಿ, ಅವನ ಪಕ್ಕದಲ್ಲಿ ಕೂತು ಹೇಳುವವರು ಬೇಕು. ಆ ಕೆಲಸಕ್ಕೆಂದೇ ತರಬೇತಿ ಪಡೆದ ಸಮನ್ವಯಕಾರರು ಇರುವ ಆಸ್ಪತ್ರೆಗಳಲ್ಲಿ ಒಪ್ಪಿಗೆ ಸಿಗುತ್ತದೆ, ಇಲ್ಲದ ಕಡೆ ಆ ಪ್ರಶ್ನೆಯೇ ಏಳುವುದಿಲ್ಲ.

2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ಬೆಂಗಳೂರಿನ ಬೀದಿಗಳಲ್ಲಿ ಗಲಾಟೆ ನಡೆದಿತ್ತು. ಆ ಗದ್ದಲದ ನಡುವೆಯೂ ಹನ್ನೆರಡು ವರ್ಷದ ಹಿಂದೆ ಕೊಟ್ಟ ಮಾತು ನಡೆಯಿತು, ಅವರ ಕಣ್ಣುಗಳನ್ನು ವೈದ್ಯರು ಪಡೆದರು. ನಮ್ಮ ಸೀಮೆಯಲ್ಲಿ ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುತ್ತಾರೆ ಎಂಬ ಮಾತು ಬಲವಾಗಿತ್ತು. ಎಷ್ಟು ಭಾಷಣ ಮಾಡಿದರೂ ಅಲುಗದ ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಅಂದು. ಅಣ್ಣಾವ್ರು ಕೊಟ್ಟಿದ್ದಾರೆ, ಅವರು ಕುರುಡರಾಗಿ ಹುಟ್ಟುತ್ತಾರೆಯೇ ಎಂದು ಕೇಳಿದರೆ ಯಾವ ಹಿರಿಯರೂ ಹೌದು ಅನ್ನಲಾರರು. 2017ರಲ್ಲಿ ಅವರ ಪತ್ನಿ ಪಾರ್ವತಮ್ಮನವರೂ ಅದೇ ದಾರಿ ಹಿಡಿದರು.

ಅಂಗ ಕೊಡುವುದು ಒಂದು ಮಾತಾದರೆ ಇಡೀ ದೇಹ ಕೊಡುವುದು ಇನ್ನೊಂದು. ನಮ್ಮ ರಾಜ್ಯದಲ್ಲಿ 1957ರ ಅಂಗರಚನಾ ಕಾಯ್ದೆ ಬಂದದ್ದು ವಾರಸುದಾರರಿಲ್ಲದ ಶವಗಳನ್ನು ವೈದ್ಯ ವಿದ್ಯಾರ್ಥಿಗಳ ಕಲಿಕೆಗೆ ಒದಗಿಸಲು. ಅಂದರೆ ಕಲಿಕೆಯ ಮೇಜಿನ ಮೇಲೆ ಮಲಗುವುದು ಅನಾಥರ ಪಾಲು ಎಂಬ ಭಾವನೆ ಬಹುಕಾಲ ಇತ್ತು. ಅದನ್ನು ಬುಡಮೇಲು ಮಾಡಿದ ಘಟನೆ ಬೆಳಗಾವಿಯಲ್ಲಿ ನಡೆಯಿತು. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹ ವಿದ್ಯಾರ್ಥಿಗಳಿಗೆ ಸಲ್ಲಬೇಕು, ಅದನ್ನು ತಮ್ಮ ಮಗನೇ ಛೇದಿಸಿ ಪಾಠ ಮಾಡಬೇಕು ಎಂದು ಇಚ್ಛೆ ಬರೆದಿಟ್ಟಿದ್ದರು. 2008ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರದ ಅಧ್ಯಾಪಕ. ದೇಹವನ್ನು ಕೆಡದಂತೆ ಕಾಪಾಡಿ, ಎರಡು ವರ್ಷದ ನಂತರ 2010ರ ನವೆಂಬರ್ 13ರಂದು ವಿದ್ಯಾರ್ಥಿಗಳ ಎದುರಿಗೆ ತಂದೆಯ ದೇಹವನ್ನು ತಾವೇ ಛೇದಿಸಿ ತೋರಿಸಿದರು.

ಆ ಕೋಣೆಯನ್ನು ಊಹಿಸಿದರೆ ಈಗಲೂ ಮೈ ನಡುಗುತ್ತದೆ. ತನ್ನನ್ನು ಎತ್ತಿ ಆಡಿಸಿದ ಕೈಯ ನರಗಳನ್ನು ಬಿಡಿಸಿ, ಇದು ಇಂಥ ನರ, ಇದು ಹೋಗುವುದು ಇಂಥ ಬೆರಳಿಗೆ ಎಂದು ಮಗ ಪಾಠ ಹೇಳಿದ್ದಾನೆ. ಇದು ಕ್ರೂರವೆಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ತಂದೆಯ ಕೊನೆಯ ಆಸೆ ನಡೆಸುವುದಕ್ಕಿಂತ ದೊಡ್ಡ ಉತ್ತರಕ್ರಿಯೆ ನಮ್ಮ ಸಂಪ್ರದಾಯದಲ್ಲಿ ಯಾವುದಿದೆ? ಆ ಕುಟುಂಬದ ಟ್ರಸ್ಟ್ ಮುಂದೆ ಆ ಭಾಗದಲ್ಲಿ ದೇಹದಾನದ ಪ್ರಚಾರವನ್ನೇ ಕೆಲಸ ಮಾಡಿಕೊಂಡಿತು. ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಆಯುರ್ವೇದ ಕಾಲೇಜು ಇತ್ತು, 2015ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಶುರುವಾಯಿತು. ನಮ್ಮ ಜಿಲ್ಲೆಯವರು ದೇಹ ಕೊಡುತ್ತೇವೆಂದರೆ ಹುಬ್ಬಳ್ಳಿಗೆ ಹೋಗಬೇಕಾದ ಕಾಲ ಅಲ್ಲಿಗೆ ಮುಗಿಯಿತು. ಒಂದು ವಿಷಯ ಇಲ್ಲೇ ಹೇಳಬೇಕು. ಕಣ್ಣು ಕೊಟ್ಟವರ ದೇಹವನ್ನು ಕಾಲೇಜುಗಳು ಸ್ವೀಕರಿಸುತ್ತವೆ. ಒಳಗಿನ ಅಂಗಗಳನ್ನು ಕೊಟ್ಟವರ ದೇಹವನ್ನೂ ಮರಣೋತ್ತರ ಪರೀಕ್ಷೆ ಆದ ದೇಹವನ್ನೂ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ.

2021ರಲ್ಲಿ ನಾಲ್ಕೂವರೆ ತಿಂಗಳ ಅಂತರದಲ್ಲಿ ಇಬ್ಬರು ನಟರ ಸಾವು ಕನ್ನಡಿಗರಿಗೆ ಈ ವಿಷಯದ ಎರಡು ಪಾಠ ಕಲಿಸಿತು. ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕಿನಿಂದ ಬಿದ್ದ ಸಂಚಾರಿ ವಿಜಯ್ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದರು. ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಹುಡುಗ, 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಮಿದುಳು ಸತ್ತಿದೆ ಎಂದು ವೈದ್ಯರು ಹೇಳಿದಾಗ ಮನೆಯವರು ಅಂಗದಾನಕ್ಕೆ ಒಪ್ಪಿದರು. ಯಕೃತ್ತು, ಮೂತ್ರಪಿಂಡಗಳು, ಹೃದಯದ ಕವಾಟಗಳು, ಕಣ್ಣುಗಳು ಬೇರೆ ಬೇರೆಯವರ ಪಾಲಾದವು. ಮಿದುಳು ಸತ್ತ ಮೇಲೂ ಯಂತ್ರದ ನೆರವಿನಿಂದ ರಕ್ತ ಹರಿಯುತ್ತಿದ್ದುದರಿಂದಲೇ ಆ ಅಂಗಗಳು ಕೆಡದೆ ಉಳಿದಿದ್ದವು.

ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದದ್ದು ಹೃದಯ ನಿಂತು. ಹೃದಯ ನಿಂತ ಮೇಲೆ ಕಿಡ್ನಿ, ಯಕೃತ್ತಿಗೆ ರಕ್ತ ಸಿಗುವುದಿಲ್ಲ, ಅವು ಬೇಗ ಕೆಡುತ್ತವೆ. ಆದರೆ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ, ಅದು ಕೆಲವು ಗಂಟೆ ತಾಳುತ್ತದೆ. 1994ರಲ್ಲಿ ಅಪ್ಪ ಇಡೀ ಮನೆಯ ಪರವಾಗಿ ಕೊಟ್ಟ ಮಾತು ಅಂದು ಮಗನಲ್ಲೂ ನಡೆಯಿತು. ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾದ ಮೇಲ್ಪದರವನ್ನೂ ಒಳಪದರವನ್ನೂ ಬೇರ್ಪಡಿಸಿ, ಯಾರಿಗೆ ಯಾವ ಪದರ ಕೆಟ್ಟಿದೆಯೋ ಅವರಿಗೆ ಅದನ್ನಷ್ಟೇ ಕೂಡಿಸಿದರು. ಎರಡು ಕಣ್ಣು, ನಾಲ್ವರಿಗೆ ಬೆಳಕು. ಮುಂದಿನ ತಿಂಗಳುಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಿದವರು ಸಾವಿರ ಸಾವಿರ. ತುಂಗಭದ್ರೆಯ ಆಚೆ ದಡದ ಹೊಸಪೇಟೆಯಲ್ಲಿ 2022ರ ಜೂನ್‌ನಲ್ಲಿ ಅಪ್ಪು ಎಂದೇ ಜನ ಕರೆಯುವ ಪುನೀತ್ ಅವರ ಪುತ್ಥಳಿ ನಿಂತಿತು. ಈಚೆ ದಡದ ಗಂಗಾವತಿ, ಕೊಪ್ಪಳದಲ್ಲಿ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುತ್ತಿದ್ದ ಹುಡುಗರು ನೇತ್ರದಾನದ ಅರ್ಜಿ ಹಿಡಿದು ಮನೆಮನೆಗೆ ಹೋಗುವುದನ್ನು ಕಂಡೆವು. ಅಭಿಮಾನ ಇದಕ್ಕಿಂತ ಚೆಂದದ ರೂಪ ತಾಳಿದ್ದನ್ನು ನಾನಂತೂ ಕಂಡಿಲ್ಲ.

ಆಮೇಲೆ ಬಂದದ್ದು ಗವಿಮಠದ ಸರದಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಲಕ್ಷ ಜನ ಸೇರುತ್ತಾರೆ. ಹಳ್ಳಿಹಳ್ಳಿಯಿಂದ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ರೊಟ್ಟಿ, ಕಾಳುಕಡಿ ಬರುತ್ತವೆ, ಮಹಾದಾಸೋಹದಲ್ಲಿ ದಿನಗಟ್ಟಲೆ ಊಟ ನಡೆಯುತ್ತದೆ. ಮಠದ ಹದಿನೆಂಟನೆಯ ಪೀಠಾಧಿಪತಿ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಜಾತ್ರೆಗೆ ಮುನ್ನ ಪ್ರತಿ ವರ್ಷ ಒಂದು ಸಾಮಾಜಿಕ ವಿಷಯ ಹಿಡಿದು ಜಾಗೃತಿ ನಡಿಗೆ ಮಾಡಿಸುವ ಪರಿಪಾಠ ಇಟ್ಟುಕೊಂಡಿದ್ದಾರೆ. ನೀರು, ಗಿಡಮರ ಎಲ್ಲ ಆಗಿದ್ದವು. ಹೂಳು ತುಂಬಿದ್ದ ಹಿರೇಹಳ್ಳವನ್ನು ಜನರಿಂದಲೇ ಸ್ವಚ್ಛ ಮಾಡಿಸಿದ್ದರಿಂದ ಅವರ ಮಾತಿಗೆ ತೂಕವೂ ಇತ್ತು. 2023ರ ಜನವರಿಯ ಜಾತ್ರೆಗೆ ಅವರು ಆರಿಸಿಕೊಂಡ ವಿಷಯ ಅಂಗಾಂಗ ದಾನ. ಶಾಲಾ ಮಕ್ಕಳು, ಕಾಲೇಜು ಹುಡುಗರು, ಅಧಿಕಾರಿಗಳು ಫಲಕ ಹಿಡಿದು ಕೊಪ್ಪಳದ ಬೀದಿಗಳಲ್ಲಿ ನಡೆದರು.

ಇದರ ಮಹತ್ವ ತಿಳಿಯಬೇಕಾದರೆ ಈ ಸೀಮೆಯ ಸಾವಿನ ರೂಢಿ ಗೊತ್ತಿರಬೇಕು. ಲಿಂಗಾಯತ ಮನೆಗಳಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂಡ್ರಿಸಿದರೆ ಊರೆಲ್ಲ ಬಂದು ಮುಖ ನೋಡುತ್ತದೆ. ರಾತ್ರಿಯಿಡೀ ಭಜನೆ ನಡೆಯುತ್ತದೆ. ಮರುದಿನ ವಿಮಾನ ಕಟ್ಟಿ ಮೆರವಣಿಗೆಯಲ್ಲಿ ಒಯ್ದು ಸಮಾಧಿ ಮಾಡುತ್ತಾರೆ. ಹಾಗಾಗಿ ಕಣ್ಣು ಕೊಡಿ ಎಂದರೆ ಮೊದಲು ಬರುವ ಪ್ರಶ್ನೆ, 'ಮಾರಿ ಹೆಂಗ ಕಾಣತದ್ರಿ?' ಎಂಬುದು. ಇದು ತೀರಾ ಸಹಜವಾದ ಪ್ರಶ್ನೆ. ಕಣ್ಣು ತೆಗೆಯಲು ಹದಿನೈದು ಇಪ್ಪತ್ತು ನಿಮಿಷ ಸಾಕು, ತೆಗೆದ ಮೇಲೆ ರೆಪ್ಪೆ ಮುಚ್ಚುತ್ತಾರೆ, ಮುಖ ನಿದ್ದೆ ಹೋದವರ ಮುಖದಂತೆಯೇ ಇರುತ್ತದೆ, ಕೂಡ್ರಿಸಲು, ಮೆರವಣಿಗೆಗೆ ಯಾವ ಅಡ್ಡಿಯೂ ಇಲ್ಲ. ಇದನ್ನು ಆರೋಗ್ಯ ಇಲಾಖೆಯ ಕರಪತ್ರ ಹೇಳಿದರೆ ಜನ ಓದಿ ಮಡಚಿಡುತ್ತಾರೆ. ಆ ಸಮಾಧಿಯ ವಿಧಿಗೆ ಮಾರ್ಗದರ್ಶನ ಮಾಡುವ ಮಠವೇ ಕೊಡಿ ಎಂದರೆ ಕಿವಿಗೊಡುತ್ತಾರೆ.

ಗವಿಮಠ ಇರುವ ಬೆಟ್ಟ ಸಾಲಿಗೂ ದೇಹ ಬಿಡುವ ವಿಚಾರಕ್ಕೂ ಹಳೆಯ ನಂಟಿದೆ. ಕೊಪಣ ಎಂದು ಶಾಸನಗಳು ಕರೆದ ಈ ಊರು ಜೈನರ ಮಹಾತೀರ್ಥವಾಗಿತ್ತು. ಸಲ್ಲೇಖನ ಹಿಡಿದು ದೇಹತ್ಯಾಗ ಮಾಡಲು ಮುನಿಗಳೂ ಗೃಹಸ್ಥರೂ ಇಲ್ಲಿಗೆ ಬರುತ್ತಿದ್ದರು, ಅವರ ನೆನಪಿನ ನಿಷಿಧಿಗಳು ಇಲ್ಲಿ ಸಿಕ್ಕಿವೆ. ಅಶೋಕನ ಶಾಸನವಿರುವ ಪಾಲ್ಕಿಗುಂಡು ಬೆಟ್ಟದ ಮೇಲೆಯೇ 'ವರಾಂಗಚರಿತ' ಬರೆದ ಜಟಾಸಿಂಹನಂದಿಯ ಪಾದಗಳನ್ನು ಚಾವಯ್ಯ ಎಂಬಾತ ಕೆತ್ತಿಸಿದ್ದಾನೆ. ಆ ವ್ರತಕ್ಕೂ ಇಂದಿನ ದಾನಕ್ಕೂ ಉದ್ದೇಶ ಬೇರೆ, ಎರಡನ್ನೂ ಒಂದೇ ಎನ್ನಲಾಗದು. ಆದರೆ ತನ್ನ ದೇಹದ ಕೊನೆಯನ್ನು ತಾನೇ ಯೋಚಿಸಿ ಮೊದಲೇ ನಿಶ್ಚಯಿಸುವುದು ಈ ನೆಲಕ್ಕೆ ಹೊಸದಲ್ಲ.

ಇಷ್ಟೆಲ್ಲ ಆಗಿ ಮಾತು ಬಂತು. ಕೊಡಲು ಏನು ಅಡ್ಡಿ? ನನ್ನ ದೃಷ್ಟಿಯಲ್ಲಿ ಈಗ ಅಡ್ಡಿ ಇರುವುದು ಜನರಲ್ಲಿ ಅಲ್ಲ, ದೂರದಲ್ಲಿ ಮತ್ತು ಗಡಿಯಾರದಲ್ಲಿ.

ಮೊದಲು ಗಡಿಯಾರ. ಕಣ್ಣನ್ನು ಸಾವಾದ ಆರು ಗಂಟೆಯೊಳಗೆ ತೆಗೆಯಬೇಕು. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಎಷ್ಟೋ ಮನೆಯ ಮಕ್ಕಳು ಗುಳೆ ಹೋಗಿರುತ್ತಾರೆ, ಬೆಂಗಳೂರು, ಮಂಗಳೂರು, ಗೋವಾ ಎಂದು. ಅಪ್ಪ ಸಂಜೆ ಹೋದರೆ ಮಗ ಬಸ್ಸು ಹತ್ತಿ ಬರುವಷ್ಟರಲ್ಲಿ ಬೆಳಗಾಗುತ್ತದೆ. ಹಿರಿಮಗ ಬರದೆ ಯಾವ ನಿರ್ಧಾರವೂ ಆಗದು ಎಂಬುದು ಮನೆಯ ಮರ್ಯಾದೆ. ಅವನು ಬಂದು, ಕೊಡೋಣ ಅನ್ನುವ ಹೊತ್ತಿಗೆ ಕಣ್ಣಿನ ವೇಳೆ ಮೀರಿರುತ್ತದೆ. ಹೋದವರು ದಾನದ ಕಾರ್ಡಿಗೆ ಸಹಿ ಹಾಕಿದ್ದರೂ ವೈದ್ಯರು ಮನೆಯವರ ಒಪ್ಪಿಗೆ ಕೇಳಿಯೇ ಮುಂದುವರಿಯುತ್ತಾರೆ. ಪೆಟ್ಟಿಗೆಯ ತಳದಲ್ಲಿರುವ ಕಾರ್ಡಿನ ಸುದ್ದಿ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.

ಇನ್ನು ದೂರ. ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ 67 ನಮ್ಮ ಜಿಲ್ಲೆಯ ನಡುವೆ ಹಾದಿದೆ, ಕುಷ್ಟಗಿಯ ಮೇಲೆ ಹೆದ್ದಾರಿ 50 ಹಾದಿದೆ. ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾಗುವವರು ಹೆಚ್ಚಾಗಿ ಹೆಲ್ಮೆಟ್ ಇಲ್ಲದ ಯುವಕರು. ಅವರನ್ನು ಹುಬ್ಬಳ್ಳಿಗೋ ಬಳ್ಳಾರಿಗೋ ಬೆಂಗಳೂರಿಗೋ ಒಯ್ಯುತ್ತಾರೆ. ಮಿದುಳು ಸತ್ತದ್ದನ್ನು ಪರೀಕ್ಷಿಸಿ ಘೋಷಿಸುವ ವ್ಯವಸ್ಥೆ, ಕುಟುಂಬದೊಡನೆ ಮಾತಾಡುವ ಸಮನ್ವಯಕಾರರು, ಅಂಗ ತೆಗೆಯಲು ನೋಂದಣಿ, ಈ ಮೂರೂ ಇರುವ ಆಸ್ಪತ್ರೆಗೆ ಸೇರಿದರೆ ಮಾತ್ರ ಅಂಗದಾನ ಸಾಧ್ಯ. 2011ರಲ್ಲಿ ಕಾಯ್ದೆಗೆ ಆದ ತಿದ್ದುಪಡಿ ಕಾರ್ನಿಯಾ, ಚರ್ಮ, ಮೂಳೆ, ಹೃದಯ ಕವಾಟದಂಥ ಅಂಗಾಂಶಗಳನ್ನು ಕಾನೂನಿನೊಳಗೆ ತಂದಿತು. ಜತೆಗೆ ಕಸಿ ಮಾಡದ ಆಸ್ಪತ್ರೆಯೂ ಐಸಿಯು ಇದ್ದರೆ ಅಂಗ ಪಡೆಯುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಲು ಅವಕಾಶ ಕೊಟ್ಟಿತು. ನರರೋಗ ತಜ್ಞರಿಲ್ಲದ ಕಡೆ ಅರಿವಳಿಕೆ ತಜ್ಞರೋ ಐಸಿಯು ತಜ್ಞರೋ ಆ ನಾಲ್ವರಲ್ಲಿ ಒಬ್ಬರಾಗಬಹುದು. ಅಂದರೆ ಜಿಲ್ಲಾ ಕೇಂದ್ರಗಳ ದೊಡ್ಡ ಆಸ್ಪತ್ರೆಗಳಿಗೆ ಕಾನೂನಿನ ಬಾಗಿಲು ತೆರೆದೇ ಇದೆ. ದೇಹದಿಂದ ತೆಗೆದ ಹೃದಯಕ್ಕೆ ನಾಲ್ಕರಿಂದ ಆರು ಗಂಟೆ ಮಾತ್ರ ವೇಳೆ, ಕಿಡ್ನಿಗೆ ಒಂದು ದಿನದ ಮೇಲೂ ಇದೆ. ಕೊಪ್ಪಳದಿಂದ ಹುಬ್ಬಳ್ಳಿಗೆ ಆಂಬುಲೆನ್ಸ್ ಎರಡೂವರೆ ಗಂಟೆಯೊಳಗೆ ತಲುಪಬಲ್ಲದು.

2023ರಲ್ಲಿ ಇಡೀ ದೇಶದಲ್ಲಿ ಸಾವಿನ ನಂತರ ಅಂಗ ಕೊಟ್ಟವರು 1,099 ಮಂದಿ. ಅವರಲ್ಲಿ 178 ಮಂದಿ ಕರ್ನಾಟಕದವರು. ಮುಂಚೂಣಿಯ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ, ನಿಜ. ಆದರೆ ನೂರನಲವತ್ತು ಕೋಟಿ ಜನರ ದೇಶಕ್ಕೆ ಆ ಸಂಖ್ಯೆ ಏನೇನೂ ಅಲ್ಲ. ರಾಜ್ಯದೊಳಗೂ ಅಂಗ ಪಡೆಯುವ ಆಸ್ಪತ್ರೆಗಳು ಹೆಚ್ಚಾಗಿ ಬೆಂಗಳೂರಿನಲ್ಲೇ ಇವೆ. ನಮ್ಮ ಜಿಲ್ಲೆ ಸೇರಿದ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371 (ಜೆ) ವಿಧಿಯ ವಿಶೇಷ ಸ್ಥಾನ ಸಿಕ್ಕು ದಶಕ ಮೀರಿತು. ಆ ಸ್ಥಾನದ ಫಲ ಕೊಪ್ಪಳದ ಆಸ್ಪತ್ರೆಗೆ ಒಂದು ನೇತ್ರ ಸಂಗ್ರಹ ತಂಡ, ಒಬ್ಬ ಸಮನ್ವಯಕಾರ, ಒಂದು ಅಂಗ ಪಡೆಯುವ ಕೇಂದ್ರದ ರೂಪದಲ್ಲಿ ಗಟ್ಟಿಯಾಗಿ ಸಿಗಬೇಕು ಎಂದು ನಮ್ಮ ಶಾಸಕರನ್ನು, ಸಂಸದರನ್ನು ಕೇಳುವ ಹಕ್ಕು ನಮಗಿದೆ. ಜಾತ್ರೆಯ ಬೀದಿಯಲ್ಲಿ ಫಲಕ ಹಿಡಿದು ನಡೆದ ಮಕ್ಕಳಿಗೆ ಅಷ್ಟಾದರೂ ಸಲ್ಲಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಆಧಾರ್ ಸಂಖ್ಯೆ ಬಳಸಿ ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆ ನೋಟೊದ (NOTTO) ಜಾಲತಾಣದಲ್ಲಿ ದಾನಕ್ಕೆ ಹೆಸರು ಬರೆಸಬಹುದು. ಸತ್ತವರ ಅಂಗ ಪಡೆಯಲು ಹೆಸರು ಬರೆಸುವವರಿಗಿದ್ದ ವಯಸ್ಸಿನ ಮಿತಿಯನ್ನೂ 2023ರಲ್ಲಿ ತೆಗೆದುಹಾಕಿದ್ದಾರೆ. ವಿಚಾರಿಸಲು 1800-11-4770ಕ್ಕೆ, ರಾಜ್ಯದ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು. ಕನ್ನಡಕ ಹಾಕುವವರು, ಪೊರೆ ತೆಗೆಸಿಕೊಂಡವರು, ಸಕ್ಕರೆ ಕಾಯಿಲೆಯವರು ಕೂಡ ಕಣ್ಣು ಕೊಡಬಹುದು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಫ್ಯಾನ್ ನಿಲ್ಲಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರ ಮಾಡಿ, ಕೂಡಲೇ ಹತ್ತಿರದ ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಗುಳೆ ಹೋದ ಮಗನಿಗೆ ಮುಂದಿನ ಸಲ ಫೋನ್ ಮಾಡಿದಾಗ ನಿಮ್ಮ ಇಚ್ಛೆಯನ್ನು ಈಗಲೇ ಹೇಳಿಬಿಡಿ, ತಾನು ಬರುವವರೆಗೆ ಕಾಯಬೇಡಿ ಎಂಬ ಮಾತನ್ನು ಅವನ ಬಾಯಿಂದ ಪಡೆದುಕೊಳ್ಳಿ.